ಮರ ಕಡೆಯುವ ಕಲೆ: ಹೊಸಬರಿಗೆ ಲೇತ್ ಯಂತ್ರದ ಮೊದಲ ಪಾಠ

ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಎರಡರ ಹಿಂದಿನ ತತ್ವವೂ ಒಂದೇ. ಕಡಗೋಲಿಗೆ ಹಗ್ಗ ಸುತ್ತಿ ಎಳೆದರೆ ಅದು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತದೆ. ಮರದ ತುಂಡಿಗೆ ಬಿಲ್ಲಿನ ಹುರಿ ಸುತ್ತಿ ಎಳೆದರೂ ಹೀಗೆಯೇ ತಿರುಗುತ್ತದೆ. ತಿರುಗುವ ತುಂಡಿಗೆ ಉಳಿಯನ್ನು ತಾಗಿಸಿದರೆ ಮರ ದುಂಡಗಾಗುತ್ತದೆ. ವಿದ್ಯುತ್ ಮೋಟಾರು ಬಂದ ಮೇಲೆ ಬಿಲ್ಲಿನ ಜಾಗಕ್ಕೆ ಲೇತ್ ಯಂತ್ರ ಬಂದಿತು. ಕೆಲಸದ ಮರ್ಮ ಮಾತ್ರ ಬದಲಾಗಲಿಲ್ಲ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೇಲೂರು, ಹಳೇಬೀಡುಗಳ ದೇವಾಲಯಗಳಲ್ಲಿನ ನುಣುಪಾದ ದುಂಡು ಕಂಬಗಳನ್ನು ಬಳಪದ ಕಲ್ಲನ್ನು ತಿರುಗಿಸಿ ಕಡೆದು ರೂಪಿಸಲಾಗಿದೆ ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮೈಸೂರು ರಸ್ತೆಯಲ್ಲಿರುವ ಚನ್ನಪಟ್ಟಣದ ಬಣ್ಣದ ಬೊಂಬೆಗಳು ಮರ ಕಡೆಯುವ ಕಲೆಯ ಜೀವಂತ ಉದಾಹರಣೆ. ಈಗ ನಗರಗಳಲ್ಲಿಯೂ ಹವ್ಯಾಸಕ್ಕಾಗಿ ಮನೆಯಲ್ಲಿಯೇ ಸಣ್ಣ ಲೇತ್ ಇಟ್ಟುಕೊಳ್ಳುವವರಿದ್ದಾರೆ. ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮರದ ಮುಂದೆ ನಿಲ್ಲುವ ಮೊದಲು ತಿಳಿದಿರಬೇಕಾದ ಸಂಗತಿಗಳು ಹಲವು.

ಯಂತ್ರದ ಪರಿಚಯ

ಐಟಿಐಗಳಲ್ಲಿ ಟರ್ನರ್ ವಿಭಾಗದ ವಿದ್ಯಾರ್ಥಿಗಳು ಕಲಿಯುವ ಲೋಹದ ಲೇತ್‌ಗೂ ಮರದ ಲೇತ್‌ಗೂ ಮುಖ್ಯವಾದ ವ್ಯತ್ಯಾಸವಿದೆ. ಲೋಹದ ಲೇತ್‌ನಲ್ಲಿ ಉಳಿಯನ್ನು ಯಂತ್ರವೇ ಬಿಗಿಯಾಗಿ ಹಿಡಿದಿರುತ್ತದೆ. ಮರದ ಲೇತ್‌ನಲ್ಲಿ ಅದನ್ನು ಹಿಡಿಯುವುದು ಮನುಷ್ಯನ ಕೈ. ಆದ್ದರಿಂದಲೇ ಇಲ್ಲಿ ಕೌಶಲಕ್ಕೂ ಎಚ್ಚರಕ್ಕೂ ಹೆಚ್ಚಿನ ಬೆಲೆ.

ಯಂತ್ರದ ಎಡಭಾಗದಲ್ಲಿ ಮೋಟಾರಿನಿಂದ ತಿರುಗುವ ಹೆಡ್‌ಸ್ಟಾಕ್, ಬಲಭಾಗದಲ್ಲಿ ಮರದ ಇನ್ನೊಂದು ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕ್ ಇರುತ್ತವೆ. ಇವೆರಡನ್ನೂ ಹೊರುವುದು ಉದ್ದನೆಯ ಬೆಡ್. ನಡುವೆ ಉಳಿಯನ್ನು ಊರಲು ಟೂಲ್ ರೆಸ್ಟ್ ಎಂಬ ಆಸರೆ ಇರುತ್ತದೆ. ಕೊಳ್ಳುವಾಗ ಎರಡು ಅಳತೆಗಳನ್ನು ಗಮನಿಸಬೇಕು. ಒಂದು, ಯಂತ್ರದಲ್ಲಿ ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ. ಇನ್ನೊಂದು, ಎರಡು ಮೊನೆಗಳ ನಡುವೆ ಹಿಡಿಯಬಹುದಾದ ಉದ್ದ. 10ರಿಂದ 12 ಅಂಗುಲ ವ್ಯಾಸ, 16ರಿಂದ 18 ಅಂಗುಲ ಉದ್ದ ಹಿಡಿಯುವ ಸಣ್ಣ ಲೇತ್ ಕಲಿಕೆಗೆ ಧಾರಾಳವಾಗಿ ಸಾಕು. ವೇಗವನ್ನು ಏರಿಳಿಸುವ ಸೌಲಭ್ಯವಿದ್ದರೆ ಒಳ್ಳೆಯದು. ಯಂತ್ರ ಅಲುಗಾಡದಂತೆ ಭಾರವಾದ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಬೇಕು.

ಉಳಿಗಳು ಮತ್ತು ಸಾಣೆ

ಆರಂಭಕ್ಕೆ ಹತ್ತಾರು ಉಳಿಗಳು ಬೇಕಿಲ್ಲ. ಚೌಕ ತುಂಡನ್ನು ದುಂಡಗೆ ಮಾಡಲು ಅಗಲವಾದ ರಫಿಂಗ್ ಗೌಜ್, ಉಬ್ಬು ತಗ್ಗುಗಳನ್ನು ರೂಪಿಸಲು ಸ್ಪಿಂಡಲ್ ಗೌಜ್, ಅಳತೆಗೆ ಕತ್ತರಿಸಲು ಪಾರ್ಟಿಂಗ್ ಉಳಿ, ನುಣುಪಾದ ಮೇಲ್ಮೈಗೆ ಓರೆ ಬಾಯಿಯ ಸ್ಕ್ಯೂ ಉಳಿ, ಇವು ನಾಲ್ಕು ಇದ್ದರೆ ಕೆಲಸ ಸಾಗುತ್ತದೆ. ಹೈಸ್ಪೀಡ್ ಸ್ಟೀಲ್‌ನ ಉಳಿಗಳು ಸಾಣೆಯ ಕಾವನ್ನು ತಡೆಯುತ್ತವೆ, ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತವೆ.

ಒಂದು ಎಚ್ಚರಿಕೆ: ಸ್ಪಿಂಡಲ್ ಕೆಲಸದ ರಫಿಂಗ್ ಗೌಜ್‌ನಿಂದ ಬಟ್ಟಲನ್ನು ಕಡೆಯಬಾರದು. ಬಟ್ಟಲಿನಲ್ಲಿ ಮರದ ಎಳೆಗಳು ಅಡ್ಡಲಾಗಿರುವುದರಿಂದ ಉಳಿ ಥಟ್ಟನೆ ಸಿಕ್ಕಿಕೊಳ್ಳುತ್ತದೆ. ಅದರ ತೆಳುವಾದ ಬಾಲ ಹಿಡಿಯ ಬಳಿ ಮುರಿದು ಗಂಭೀರ ಗಾಯವಾಗಬಹುದು. ಬಟ್ಟಲಿಗೆಂದೇ ಬೇರೆ ಗೌಜ್ ಇದೆ.

ಮೊಂಡ ಉಳಿ ಮರವನ್ನು ಕತ್ತರಿಸದೆ ಕೀಳುತ್ತದೆ. ಆಗ ಕಲಿಯುವವರು ಬಲ ಹಾಕಿ ಒತ್ತುತ್ತಾರೆ. ಅವಘಡಗಳಿಗೆ ಅದೇ ದಾರಿ. ಆದ್ದರಿಂದ ಸಾಣೆ ಹಿಡಿಯುವುದನ್ನು ಮರ ಕಡೆಯುವುದಕ್ಕಿಂತ ಮೊದಲೇ ಕಲಿಯಬೇಕು. ಸುರುಳಿ ಸುರುಳಿಯಾಗಿ ಹೊರಬೀಳುವ ಹೊಟ್ಟು ಹರಿತವಾದ ಉಳಿಯ ಗುರುತು. ಬರಿ ಪುಡಿ ಉದುರುತ್ತಿದ್ದರೆ ಸಾಣೆಯ ಸಮಯ ಬಂದಿದೆ ಎಂದರ್ಥ.

ಯಾವ ಮರ ಸೂಕ್ತ?

ಚನ್ನಪಟ್ಟಣದ ಕುಶಲಕರ್ಮಿಗಳು ಪಾರಂಪರಿಕವಾಗಿ ಬಳಸುವುದು ಆಲೆ ಮರವನ್ನು. ಬಿಳಿ ಬಣ್ಣದ, ಮೃದುವಾದ, ಒತ್ತಾದ ಎಳೆಗಳ ಈ ಮರ ಉಳಿಗೆ ಬೆಣ್ಣೆಯಂತೆ ಬಾಗುತ್ತದೆ. ಆಂಧ್ರಪ್ರದೇಶದ ಏಟಿಕೊಪ್ಪಾಕ ಬೊಂಬೆಗಳಿಗೂ ಇದೇ ಜಾತಿಯ ಮರವೇ ಆಧಾರ. ಅದು ಸಿಗದಿದ್ದರೆ ಸಿಲ್ವರ್ ಓಕ್, ಮಾವು, ಬೇವು, ಹಲಸಿನ ತುಂಡುಗಳಲ್ಲಿ ಕೈ ಪಳಗಿಸಬಹುದು. ಮರಗೆಲಸದ ಅಂಗಡಿಗಳಲ್ಲಿ ಉಳಿಯುವ ತುಂಡುಗಳೂ ಸಾಕು. ಆದರೆ ಗಂಟು, ಬಿರುಕು, ಒಳಗೆ ಅಡಗಿದ ಮೊಳೆ ಇರುವ ತುಂಡುಗಳನ್ನು ಬಿಡಬೇಕು. ಸಣ್ಣ ಬಿರುಕೂ ತಿರುಗುವಾಗ ದೊಡ್ಡದಾಗಿ ತುಂಡು ಸಿಡಿಯಬಹುದು.

ಹಸಿ ಮರ ಕಡೆಯಲು ಸುಲಭ. ಆದರೆ ಒಣಗಿದಾಗ ಸೊಟ್ಟಗಾಗುತ್ತದೆ, ಸೀಳುತ್ತದೆ. ಮರದ ತುದಿಗಳಿಂದ ತೇವ ಬೇಗ ಹೋಗುವುದೇ ಸೀಳಲು ಕಾರಣ. ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ಇರಿಸಿದರೆ ಮರ ನಿಧಾನವಾಗಿ ಹದಗೊಳ್ಳುತ್ತದೆ.

ಸುರಕ್ಷತೆ ಮೊದಲು

ಮುಖವನ್ನು ಪೂರ್ಣವಾಗಿ ಮುಚ್ಚುವ ಪಾರದರ್ಶಕ ಕವಚ ಕಡ್ಡಾಯ. ಕೈಗವಸು ಹಾಕಲೇಬಾರದು, ತಿರುಗುವ ಮರಕ್ಕೆ ಅದು ಸಿಕ್ಕಿದರೆ ಬೆರಳನ್ನೂ ಎಳೆದೊಯ್ಯುತ್ತದೆ. ತುಂಬು ತೋಳಿನ ಸಡಿಲ ಅಂಗಿ, ಸೀರೆಯ ಸೆರಗು, ದುಪಟ್ಟಾ, ಇಳಿಬಿಟ್ಟ ಕೂದಲು, ಕೊರಳ ಸರ, ಬಳೆ, ಉಂಗುರ ಇವೆಲ್ಲವೂ ಅಪಾಯಕಾರಿ. ಯಂತ್ರವನ್ನು ಚಾಲೂ ಮಾಡುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಬೇಕು.

ಕಣ್ಣಿಗೆ ಕಾಣುವ ಅಪಾಯಕ್ಕಿಂತ ಕಾಣದ ಅಪಾಯ ದೊಡ್ಡದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ವರ್ಗೀಕರಿಸಿದೆ. ಬೀಟೆಯಂತಹ ಮರಗಳ ಧೂಳು ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ. ಅಪಾರ್ಟ್‌ಮೆಂಟಿನ ಮುಚ್ಚಿದ ಕೋಣೆಯಲ್ಲಿ ಯಂತ್ರ ಇಡುವವರು ಇದನ್ನು ಮರೆಯಬಾರದು. ಉತ್ತಮ ಧೂಳುನಿರೋಧಕ ಮಾಸ್ಕ್ ಮತ್ತು ಗಾಳಿಯಾಡುವ ಜಾಗ ಎರಡೂ ಬೇಕು.

ಮೊದಲ ಅಭ್ಯಾಸ

ಎರಡು ಅಂಗುಲ ಚೌಕದ, ಎಂಟು ಅಂಗುಲ ಉದ್ದದ ತುಂಡಿನಿಂದ ಆರಂಭಿಸುವುದು ವಾಡಿಕೆ. ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅವು ಕೂಡುವ ಜಾಗವೇ ಕೇಂದ್ರ. ಹೆಡ್‌ಸ್ಟಾಕ್‌ನ ಹಲ್ಲುಮೊನೆಯನ್ನು ಹೊರತೆಗೆದು, ಮರದ ಸುತ್ತಿಗೆಯಿಂದ ಬಡಿದು ಒಂದು ತುದಿಯ ಕೇಂದ್ರಕ್ಕೆ ಕೂರಿಸಬೇಕು. ಬಳಿಕ ಯಂತ್ರಕ್ಕೇರಿಸಿ ಟೇಲ್‌ಸ್ಟಾಕನ್ನು ಬಿಗಿಯಬೇಕು. ಆಸರೆ ಮರಕ್ಕೆ ತಾಗದಂತೆ, ಆದರೆ ಐದಾರು ಮಿಲಿಮೀಟರ್‌ಗಿಂತ ದೂರವಾಗದಂತೆ ಇರಬೇಕು. ಸ್ವಿಚ್ ಒತ್ತುವ ಮೊದಲು ಮರವನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿ, ಅದು ಎಲ್ಲಿಯೂ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ವೇಗಕ್ಕೆ ಒಂದು ಸರಳ ಲೆಕ್ಕವಿದೆ. ಅಂಗುಲದಲ್ಲಿ ಅಳೆದ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದಾಗ ಬರುವ ಸಂಖ್ಯೆ 6000 ಮತ್ತು 9000ದ ನಡುವೆ ಇರಬೇಕು. ಹತ್ತು ಅಂಗುಲದ ಬಟ್ಟಲಿಗೆ ಇದು 600ರಿಂದ 900 ಸುತ್ತು. ಎರಡು ಅಂಗುಲದ ತುಂಡಿಗೆ ಲೆಕ್ಕದಂತೆ 3000 ಸುತ್ತು ಬಂದರೂ, ಹೊಸಬರು ಚೌಕ ತುಂಡನ್ನು ಸಾವಿರದೊಳಗಿನ ವೇಗದಲ್ಲಿಯೇ ದುಂಡಗೆ ಮಾಡಿ, ಬಳಿಕ ಹಂತಹಂತವಾಗಿ ವೇಗ ಏರಿಸುವುದು ಕ್ಷೇಮ.

ಉಳಿಯ ಪ್ರಯೋಗಕ್ಕೆ ಮೂರು ಹಂತ. ಮೊದಲು ಉಳಿಯನ್ನು ಆಸರೆಯ ಮೇಲೆ ಗಟ್ಟಿಯಾಗಿ ಊರಬೇಕು. ಎರಡನೆಯದಾಗಿ, ಅಂಚು ತಾಗದಂತೆ, ಅಂಚಿನ ಹಿಂದಿನ ಸಾಣೆ ಹಿಡಿದ ಇಳಿಜಾರು ಮಾತ್ರ ಮರಕ್ಕೆ ಸವರುವಂತೆ ಹಿಡಿಯಬೇಕು. ಕೊನೆಗೆ ಹಿಡಿಯನ್ನು ಮೆಲ್ಲಗೆ ಎತ್ತಿದರೆ ಅಂಚು ಕಚ್ಚಿ ಹೊಟ್ಟು ಬರತೊಡಗುತ್ತದೆ. ಅಂಚನ್ನೇ ಮೊದಲು ತಾಗಿಸಿದರೆ ಉಳಿ ಸಿಕ್ಕಿಕೊಂಡು ಕೈಗೆ ಏಟು ಬೀಳುತ್ತದೆ. ಎತ್ತರದಿಂದ ತಗ್ಗಿನ ಕಡೆಗೆ ಕಡೆಯಬೇಕೇ ಹೊರತು ತಗ್ಗಿನಿಂದ ಮೇಲಕ್ಕಲ್ಲ. ಭುಜಕ್ಕಿಂತ ಹೆಚ್ಚಾಗಿ ಇಡೀ ಮೈ ಉಳಿಯೊಂದಿಗೆ ಸರಿಯಬೇಕು.

ದುಂಡು ಕೋಲು ಸಲೀಸಾದ ಮೇಲೆ ಉಬ್ಬು ತಗ್ಗುಗಳ ಸಾಲು, ಆಮೇಲೆ ಉಳಿಯ ಹಿಡಿ, ಲಟ್ಟಣಿಗೆ, ಬುಗುರಿ ಎಂಬ ಕ್ರಮ ಉತ್ತಮ. ಬುಗುರಿ ಕಠಿಣ ಪರೀಕ್ಷಕ. ಕಡೆದದ್ದು ಕೇಂದ್ರ ತಪ್ಪಿದ್ದರೆ ಅದು ನೆಲದ ಮೇಲೆ ತೂರಾಡಿ ಹೇಳುತ್ತದೆ.

ನುಣುಪು ಮತ್ತು ಅರಗಿನ ಮೆರುಗು

ಉಪ್ಪುಕಾಗದ ಉಜ್ಜುವ ಮೊದಲು ಆಸರೆಯನ್ನು ತೆಗೆದುಬಿಡಬೇಕು. ಇಲ್ಲವಾದರೆ ಬೆರಳು ನಡುವೆ ಸಿಲುಕುತ್ತದೆ. 120ನೇ ನಂಬರಿನಿಂದ ಆರಂಭಿಸಿ 180, 240, 320 ಎಂದು ಏರುತ್ತಾ ಹೋಗಬೇಕು. ಮೆರುಗು ಹಚ್ಚಲು ಬಟ್ಟೆಯ ಬದಲು ಸುಲಭವಾಗಿ ಹರಿಯುವ ಕಾಗದ ಬಳಸುವುದು ಸುರಕ್ಷಿತ.

ಚನ್ನಪಟ್ಟಣದ ವಿಧಾನ ಇಲ್ಲಿ ಪಾಠವಾಗಬಲ್ಲದು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ನಂತರ ಕೇದಗೆ ಜಾತಿಯ ಗಿಡದ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಕುಂಚವೂ ಬೇಡ, ಒಣಗಲು ಕಾಯುವುದೂ ಬೇಡ. ಮಕ್ಕಳು ಬಾಯಿಗೆ ಇಟ್ಟುಕೊಳ್ಳುವ ಆಟಿಕೆಗೆ ಅರಿಶಿನದಂತಹ ಸಸ್ಯಮೂಲದ ಬಣ್ಣಗಳೇ ಒಳ್ಳೆಯವು.

20ನೇ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರಗಳನ್ನು ಚನ್ನಪಟ್ಟಣಕ್ಕೆ ಪರಿಚಯಿಸಿದವರು ಎಂದು ಬಾವಾಸ್ ಮಿಯಾ ಅವರನ್ನು ಸ್ಮರಿಸಲಾಗುತ್ತದೆ. ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಮನ್ನಣೆ ಹೆಸರನ್ನು ಕಾಪಾಡುತ್ತದೆ; ವಿದ್ಯೆ ಉಳಿಯುವುದು ಕಲಿಯುವ ಕೈಗಳಿಂದ. ಯಂತ್ರ ಕೊಳ್ಳಲು ಹೊರಟವರು ಅದಕ್ಕೂ ಮೊದಲು ಒಂದು ದಿನ ಚನ್ನಪಟ್ಟಣಕ್ಕೆ ಹೋಗಿ, ಅನುಭವಿ ಕುಶಲಕರ್ಮಿಯೊಬ್ಬರ ಕೈ ಮತ್ತು ಉಳಿಯ ಚಲನೆಯನ್ನು ಹತ್ತಿರ ಕುಳಿತು ನೋಡುವುದು ಲಾಭದಾಯಕ. ಪುಸ್ತಕದಲ್ಲಿ ಹಿಡಿಸದ ಎಷ್ಟೋ ಸಂಗತಿಗಳು ಆ ಒಂದು ದಿನದಲ್ಲಿ ತಿಳಿಯುತ್ತವೆ.