ಕತ್ತಲದಾಗಿನ ನೀರು ಹಸರ ಆಗಂಗಿಲ್ಲ

ಹೋದ ಬ್ಯಾಸಗಿ ಶಹಾಪುರದ ನಮ್ಮ ಮನ್ಯಾಗ ಮಗಳ ಹಟಕ್ಕ ಒಂದು ಗಾಜಿನ ಪೆಟಗಿ ಬಂತು. ಅದರಾಗ ನಾಕು ಗೋಲ್ಡ್ ಫಿಶ್. ಚಂದ ಕಾಣಲಿ ಅಂತ ನಾನೇ ಅದನ್ನ ಪಡಸಾಲಿ ಕಿಡಕಿ ಮುಂದ ಇಟ್ಟೆ. ಎಂಟ ದಿನದಾಗ ಗಾಜಿಗೆ ಹಾವಸಿ ಹತ್ತಿತು. ಹದಿನೈದ ದಿನಕ್ಕ ನೀರು ಪಾಲಕ್ ಸಾರಿನಂಗ ಹಸರ ಆತು. ಒಂದು ಮುಂಜಾನಿ ಎದ್ದು ನೋಡ್ತೀನಿ, ಎರಡು ಮೀನ ಮ್ಯಾಲ ತೇಲ್ತಿದ್ವು.

ಮಗಳು ಅಳಲಿಲ್ಲ. "ಅಪ್ಪಾ, ನೀರಾಗ ಇದ್ದೂ ಯಾಕ ಸತ್ತುವು?" ಅಂತ ಕೇಳಿದಳು. ನನ್ನ ಹಂತ್ಯಾಕ ಉತ್ತರ ಇರಲಿಲ್ಲ.

ಉತ್ತರ ಹುಡುಕ್ತಾ ಹೋದಂಗ ನೆನಪಾದದ್ದು ಸುರಪುರದ ನಮ್ಮ ಆಯಿ ಮನಿ. ಅಲ್ಲಿ ಕುಡಿಯೋ ನೀರಿನ ಹರವಿ ಅಡಗಿ ಮನಿ ಮೂಲ್ಯಾಗ, ಕತ್ತಲದಾಗ ಇರ್ತಿತ್ತು. ಮ್ಯಾಲ ಮುಚ್ಚಳ, ಸುತ್ತ ಹಸಿ ಅರಬಿ. ಹರವಿನ ಬಾಗಿಲದ ಬೆಳಕಿಗೆ ಸರಿಸಿದ್ರ ಆಯಿ ಬೈತಿದ್ದಳು: "ನೀರಿಗಿ ಬಿಸಲ ತೋರಿಸಬ್ಯಾಡ್ರೋ, ಹಾವಸಿ ಕಟ್ತದ." ಆಕಿ ಸಾಲಿ ಕಲತಾಕಿ ಅಲ್ಲ. ಆದ್ರ ಈ ಮಾತು ಕಲಿಯಾಕ ಇಂಗ್ಲೆಂಡಿನವರಿಗೆ ಇಪ್ಪತ್ತು ವರ್ಷ ಹಿಡೀತು.

ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನ ಶಾಸ್ತ್ರದವರು 1849ರಾಗ ಗಾಜಿನ ಪಾತ್ರಿಯಾಗ ಗೋಲ್ಡ್ ಫಿಶ್ ಮತ್ತ ನೀರಿನ ಗಿಡ ಕೂಡಿಸಿ ಇಟ್ಟರು. ಗಿಡದ ಎಲಿ ಕೊಳೆತು ನೀರು ಕೆಟ್ಟಿತು, ಗಾಜಿಗೆ ಹಸರ ಲೋಳಿ ಹತ್ತಿತು. ಅವರು ಕೆರಿ ಬಸವನಹುಳ ತಂದು ಬಿಟ್ಟರು. ಅವು ಕೊಳೆತದ್ದನ್ನೂ ಹಾವಸಿನೂ ತಿಂದು ಸ್ವಚ್ಛ ಮಾಡಿದ್ವು. 1850ರಾಗ ಇದನ್ನ ಅವರು ಬರದು ಪ್ರಕಟ ಮಾಡಿದರು.

1853ರಾಗ ಲಂಡನ್ ಪ್ರಾಣಿ ಸಂಗ್ರಹಾಲಯದಾಗ ಮೀನಿನ ಮನಿ ತೆರೀತು. ಅದೇ ವರ್ಷ ನಮ್ಮ ಸುರಪುರದಾಗ ಮೆಡೋಸ್ ಟೇಲರ್ ಸಾಹೇಬ ಆಡಳಿತ ಬಿಟ್ಟು ಹೋದ, ರಾಜಾ ವೆಂಕಟಪ್ಪ ನಾಯಕರ ಕೈಗೆ ರಾಜ್ಯ ಬಂತು. ಮರುವರ್ಷ, 1854ರಾಗ, ಫಿಲಿಪ್ ಗಾಸ್ ಅವರ ಪುಸ್ತಕದಿಂದ 'ಅಕ್ವೇರಿಯಂ' ಅನ್ನೋ ಹೆಸರು ಮನಿ ಮನಿಗೆ ಹಬ್ಬಿತು. ಜನ ಪೆಟಗಿ ತಂದು ಕಿಡಕಿಗೆ ಇಟ್ಟರು, ಥೇಟ್ ನನ್ನಂಗ. ನೀರು ಕಾದು ಹಸರ ಆತು, ಮೀನ ಸತ್ತುವು, ಭಾಳ ಮಂದಿ ಹುಚ್ಚು ಬಿಟ್ಟಿತು.

ದಾರಿ ತೋರಿಸಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಾಗ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಅಕ್ವೇರಿಯಂ ಕಟ್ಟಿದಾಗ ಅವರು ನೆಲದ ಕೆಳಗ ಒಂದು ಕತ್ತಲ ಟಾಕಿ ಮಾಡಿಸಿದರು. ಅದು ಮ್ಯಾಲಿನ ಪೆಟಗಿಗಳಿಗಿಂತ ಎಷ್ಟೋ ಪಟ್ಟು ದೊಡ್ಡದು. ನೀರು ಸುತ್ತಿ ಸುತ್ತಿ ಅಲ್ಲಿಗೆ ಹೋಗಿ ತಣ್ಣಗಾಗಿ ಬರ್ತಿತ್ತು. ಕತ್ತಲದಾಗ ಹಾವಸಿ ಬೆಳೆಯಂಗಿಲ್ಲ. ನಮ್ಮ ಮೆಟ್ಟಿಲ ಬಾವಿ, ಆಯಿ ಹರವಿ ಮಾಡೋದೂ ಇದೇ ಕೆಲಸ.

ನನ್ನ ಮೀನ ಯಾಕ ಸತ್ತುವು ಅನ್ನೋದು ಈಗ ತಿಳೀತು. 20 ಡಿಗ್ರಿ ಇರೋ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡೀತದ. 35 ಡಿಗ್ರಿ ಆದ್ರ 7 ಮಿಲಿಗ್ರಾಂ ಹಿಡಿಯೋದೇ ದೊಡ್ಡದು. ನಮ್ಮ ಕಡಿ ಬ್ಯಾಸಗಿ 40 ದಾಟ್ತದ. ನೀರು ಕಾದಂಗ ಮೀನಿಗೆ ಉಸಿರು ಹೆಚ್ಚ ಬೇಕು, ನೀರಾಗ ಇರೋದು ಕಡಿಮಿ. ಹಾವಸಿ ಹಗಲಿ ಬಿಸಲಾಗ ಆಕ್ಸಿಜನ್ ಕೊಡ್ತದ ಖರೆ, ರಾತ್ರಿ ಅದೂ ಉಸಿರಾಡಿ ಅದನ್ನೇ ತಿಂತದ. ಅದಕ್ಕ ಬೆಳಗಿನ ಜಾವ ನೀರಾಗ ಉಸಿರು ಎಲ್ಲಾಕಿಂತ ಕಡಿಮಿ. ಕಾವು ಒಂದರಿಂದಲೇ ಹಾವಸಿ ಬರಂಗಿಲ್ಲ. ಬೆಳಕು ಬೇಕು, ಗೊಬ್ಬರನೂ ಬೇಕು. ನಾವು ಅಕ್ಕರಿಗೆ ಹಾಕಿದ ಹೆಚ್ಚಿನ ತಿಂಡಿ, ಮೀನಿನ ಹೊಲಸು ಅದಕ್ಕ ಗೊಬ್ಬರ. ಕಾವು ಕೂಡಿದ್ರ ಎಲ್ಲಾ ಜಲ್ದಿ ಆಗ್ತದ ಅಷ್ಟೇ.

ಈಗ ಪೆಟಗಿ ದೇವರ ಮನಿ ಗ್ವಾಡಿಗೆ ಬಂದದ. ದೀಪ ದಿನಕ್ಕ ಆರೇಳು ತಾಸು. ತಿಂಡಿ ಎರಡು ನಿಮಿಷದಾಗ ಮುಗಿಯೋವಷ್ಟು. ವಾರಕ್ಕೊಮ್ಮಿ ಕಾಲು ಭಾಗ ನೀರು ಬದಲಿ, ಅದೂ ಹಿಂದಿನ ದಿನ ತುಂಬಿಟ್ಟ ನೀರು. ಮಧ್ಯಾಹ್ನ ನೀರಿನ ಮ್ಯಾಲ ಸಣ್ಣ ಫ್ಯಾನಿನ ಗಾಳಿ. ಬರ್ಫ ಹಾಕಂಗಿಲ್ಲ, ಒಮ್ಮೆಲೇ ತಣ್ಣಗಾದ್ರ ಮೀನಿಗೆ ತಡಿಯಂಗಿಲ್ಲ.

ಉಳಿದ ಎರಡು ಮೀನ ಈ ಬ್ಯಾಸಗಿ ದಾಟ್ಯಾವ. ಮೊನ್ನಿ ಯಾರೋ ಬೀಗರು ಪೆಟಗಿ ಕಿಡಕಿಗೆ ಇಡ್ರಿ, ಚಂದ ಕಾಣ್ತದ ಅಂದ್ರು. ನನಕಿಂತ ಮೊದಲ ಮಗಳೇ ಅಂದಳು: "ಬ್ಯಾಡ್ರಿ, ನೀರಿಗಿ ಬಿಸಲ ತೋರಿಸಬಾರದು." ಆಕಿ ಮುತ್ತಜ್ಜಿನ ನೋಡಿಲ್ಲ. ಮಾತು ಮಾತ್ರ ಮುಟ್ಟೇದ.