ಕಣ್ಣಿನ ಹೂವು, ಡ್ರಾಪ್ಸ್ ಬಾಟಲಿ...

"ಅವನ ಕಣ್ಣಲ್ಲಿ ಹೂ ಬಿದ್ದಿದೆ" ಅಂತಾರಲ್ಲ, ನೀವೂ ಕೇಳಿರ್ತೀರಿ. ಕಾರ್ನಿಯಾ ಹುಣ್ಣಾಗಿ ಮಾಗಿದ ಮೇಲೆ ಉಳಿಯೋ ಬಿಳಿ ಕಲೆ ಅದು. ಇಂಥ ಸಂಕಟಕ್ಕೆ ಇಷ್ಟು ಚೆಂದದ ಹೆಸರು ಯಾರಿಟ್ಟರೋ!

1870ರಲ್ಲಿ ಬಾನ್ ಊರಿನ ವೈದ್ಯ ಥಿಯೋಡೋರ್ ಸೇಮಿಶ್, ಹಾವಿನ ಹಾಗೆ ತೆವಳುತ್ತಾ ಹರಡೋ ಹುಣ್ಣಿನ ಬಗ್ಗೆ ಬರೆದ. ಅವನ ಚಿಕಿತ್ಸೆ ಅಂದ್ರೆ ಹುಣ್ಣನ್ನ ಚಾಕುವಿನಿಂದ ಸೀಳಿ ಕೀವು ಹೊರಗೆ ಬಿಡೋದು. ಅದರ ಹಿಂದಿನ ಮುಖ್ಯ ಆರೋಪಿ ನ್ಯೂಮೋಕಾಕಸ್ ಅಂತ ಆಮೇಲೆ ಗೊತ್ತಾಯ್ತು. ಮೂಗಿನ ಪಕ್ಕದ ಕಣ್ಣೀರಿನ ಚೀಲ ಕಟ್ಟಿಕೊಂಡು ಕೀವಾದವರಲ್ಲಿ ಅದು ಅಲ್ಲೇ ಮನೆ ಮಾಡಿಕೊಂಡಿರುತ್ತೆ. ಹೊಲದಲ್ಲಿ ಒಂದು ಎಲೆ ಕಣ್ಣಿಗೆ ಗೀರಿದ್ರೆ ಸಾಕು.

ಪೆನಿಸಿಲಿನ್ ಬಂದ ಮೇಲೆ ಶ್ರೀಮಂತ ದೇಶಗಳಲ್ಲಿ ಇದರ ಹಾವಳಿ ತಗ್ಗಿತು. ಅಲ್ಲಿ ಸ್ಯೂಡೋಮೊನಾಸ್ ಅನ್ನೋ ನೀರಿನ ಬ್ಯಾಕ್ಟೀರಿಯಾ ಸುದ್ದಿ ಮಾಡತೊಡಗಿತು. ಅದು ಬಂದ ದಾರಿ ನೋಡಿ. ಕಣ್ಣಲ್ಲಿ ಗಾಯ ಇದೆಯಾ ಅಂತ ನೋಡೋಕೆ ಡಾಕ್ಟರು ಫ್ಲೋರೆಸೀನ್ ಅನ್ನೋ ಬಣ್ಣದ ಹನಿ ಹಾಕ್ತಾರೆ. ಆ ಬಾಟಲಿಯೊಳಗೇ ಇದು ಸೊಂಪಾಗಿ ಬೆಳೀತಿತ್ತು! ಅಂದ್ರೆ ಗಾಯ ಹುಡುಕೋ ಔಷಧಿಯೇ ಗಾಯಕ್ಕೆ ಸೋಂಕು ಸುರೀತಿತ್ತು. 1951ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಿಮುರಾ ಬಣ್ಣವನ್ನ ಕಾಗದದ ಪಟ್ಟಿಗೆ ಹಚ್ಚಿ ಒಣಗಿಸಿದರು. ಒಬ್ಬರಿಗೆ ಒಂದು ಪಟ್ಟಿ, ಬಳಸಿ ಬಿಸಾಕೋದು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಆಮೇಲೆ ಕಾಂಟ್ಯಾಕ್ಟ್ ಲೆನ್ಸ್. 1981ರಲ್ಲಿ ಅಮೆರಿಕದಲ್ಲಿ 30 ದಿನ ಹಗಲೂ ರಾತ್ರಿ ಹಾಕ್ಕೊಳ್ಳೋ ಮೆದು ಲೆನ್ಸಿಗೆ ಒಪ್ಪಿಗೆ ಸಿಕ್ಕಿತು. 1989ರ ಅಧ್ಯಯನದ ಲೆಕ್ಕ ಹೀಗಿದೆ: ಹಗಲು ಮಾತ್ರ ಹಾಕೋ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಜನರಿಗೆ ಹುಣ್ಣು, ರಾತ್ರಿಯೂ ಹಾಕೋ ಲೆನ್ಸಿನವರಲ್ಲಿ ಸುಮಾರು 21. ಅದೇ ವರ್ಷ 30 ದಿನ ಹೋಗಿ 7 ಆಯ್ತು.

ನಮ್ಮಲ್ಲಿ ಹಳೇ ಆರೋಪಿ ಊರು ಬಿಟ್ಟಿರಲಿಲ್ಲ. 1994ರಲ್ಲಿ ಮದುರೆಯಲ್ಲಿ ಮೂರು ತಿಂಗಳಲ್ಲಿ 434 ರೋಗಿಗಳನ್ನ ಪರೀಕ್ಷಿಸಿದಾಗ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ನ್ಯೂಮೋಕಾಕಸ್ಸೇ ಮುಂದೆ (ಶಿಲೀಂಧ್ರಗಳ ಕಾಟ ಬೇರೆ, ಅದಿನ್ನೊಂದು ದಿನ). ಸ್ಯೂಡೋಮೊನಾಸ್ ಎರಡನೇ ಸ್ಥಾನದಲ್ಲಿತ್ತು.

2023ರಲ್ಲಿ ಮತ್ತೆ ಬಾಟಲಿ! ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕಕ್ಕೆ ಹೋದ ಕೃತಕ ಕಣ್ಣೀರಿನ ಡ್ರಾಪ್ಸಿನ ನಂಟಿದ್ದ ಸ್ಯೂಡೋಮೊನಾಸ್ ಸೋಂಕು 18 ರಾಜ್ಯಗಳ 81 ಜನರಿಗೆ ತಗುಲಿತು. ಬಹುತೇಕ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ತಳಿ. 14 ಜನ ದೃಷ್ಟಿ ಕಳಕೊಂಡರು, ನಾಲ್ವರ ಕಣ್ಣುಗುಡ್ಡೆ ತೆಗೆಯಬೇಕಾಯ್ತು, ನಾಲ್ವರು ತೀರಿಕೊಂಡರು. ಕಣ್ಣು ಒಣಗುತ್ತೆ ಅಂತ ಹನಿ ಹಾಕ್ಕೊಂಡವರು, ಪಾಪ.

ಇಷ್ಟು ಬರೆದು ಎದ್ದು ಹೋಗಿ ನಮ್ಮನೆ ಫ್ರಿಜ್ಜಿನ ಬಾಗಿಲಲ್ಲಿದ್ದ ಡ್ರಾಪ್ಸ್ ನೋಡಿದೆ. ಮುಚ್ಚಳ ತೆಗೆದು ಎಂಟು ತಿಂಗಳಾಗಿತ್ತು.