ಅಧ್ಯಕ್ಷರನ್ನು ಆರಿಸುವವರು ಯಾರು, ಎಷ್ಟು ಕಾಲಕ್ಕೆ?: ಜಮಖಂಡಿ–ಮುಧೋಳ ಸೀಮೆಯ ಸ್ಥಳೀಯ ಆಡಳಿತದ ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಊರುಗಳು ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿವೆ. ಒಂದು ಶತಮಾನದ ಹಿಂದೆ ಹಾಗಿರಲಿಲ್ಲ. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಮತ್ತು ತೇರದಾಳ ಸಾಂಗಲಿ ಸಂಸ್ಥಾನಕ್ಕೆ, ಮುಧೋಳ ಮತ್ತು ಮಹಾಲಿಂಗಪುರ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದವು. ಬೆಳಗ್ಗೆ ಹೊರಟು ಸಂಜೆಗೆ ಮನೆ ಮುಟ್ಟುವ ಹಾದಿಯಲ್ಲಿ ನಾಲ್ಕು ಆಡಳಿತಗಳು, ನಾಲ್ಕು ಬಗೆಯ ಕಾಯಿದೆಗಳು. ಊರಿನ ಮುಖ್ಯಸ್ಥನನ್ನು ಯಾರು ಆರಿಸಬೇಕು, ಅವನು ಎಷ್ಟು ಕಾಲ ಕುರ್ಚಿಯಲ್ಲಿರಬೇಕು ಎಂಬ ಎರಡು ಪ್ರಶ್ನೆಗಳಿಗೆ ಈ ಸೀಮೆ ಕಂಡ ಉತ್ತರಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉತ್ತರಗಳು ಹಲವು ಸಲ ಬದಲಾಗಿವೆ. ಬದಲಾಯಿಸುವ ಮುನ್ನ ಊರಿನ ಮತದಾರರನ್ನು ಒಮ್ಮೆಯೂ ಕೇಳಿಲ್ಲ ಎಂಬುದು ಇಲ್ಲಿನ ಮುಖ್ಯ ವಾದ.

ಹುಟ್ಟಿನಿಂದ ಬಂದ ಹಿರಿತನ

ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಪಾಟೀಲಕಿ, ಕುಲಕರ್ಣಿಕಿಗಳು ವತನಗಳಾಗಿದ್ದವು. ಕಂದಾಯ ವಸೂಲಿ, ಕಾವಲು, ಚಾವಡಿಯ ಪಂಚಾಯ್ತಿ ಎಲ್ಲವೂ ಆ ಮನೆತನಗಳ ಕೈಯಲ್ಲಿ. ತಂದೆಯ ನಂತರ ಮಗ. ಅವಧಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರ 1950ರ ಕಾಯಿದೆಯ ಮೂಲಕ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು. ಉಳಿದ ಗ್ರಾಮಾಧಿಕಾರದ ವತನಗಳನ್ನು ಮೈಸೂರು ರಾಜ್ಯದ 1961ರ ಕಾಯಿದೆ ತೆಗೆದುಹಾಕಿತು; ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಕುರ್ಚಿಗೆ ಕಾಲಮಿತಿ ಬೇಕೆಂಬ ವಿಚಾರದ ಹಿಂದೆ ಜೀವಮಾನದ ಹಕ್ಕಾಗಿದ್ದ ಹಿರಿತನದ ಈ ಅನುಭವವಿದೆ. ಅದನ್ನು ಮರೆತರೆ ಮುಂದಿನ ಚರ್ಚೆ ಅರ್ಥವಾಗುವುದಿಲ್ಲ.

ಪಟ್ಟಣಗಳಲ್ಲಿ ಬೇರೆ ಗಾಳಿ ಬೀಸಿತ್ತು. 1882ರ ಮೇ 18ರ ರಿಪ್ಪನ್ ನಿರ್ಣಯದ ನಂತರ ಮುಂಬಯಿ ಪ್ರಾಂತ್ಯದಲ್ಲಿ 1884ರ ಹಾಗೂ 1901ರ ಪುರಸಭಾ ಕಾಯಿದೆಗಳು ಬಂದವು. ಚುನಾಯಿತ ಸದಸ್ಯರು ಸಭೆಗೆ ಬಂದರೂ ಅಧ್ಯಕ್ಷ ಪೀಠ ಬಹುಕಾಲ ಸರಕಾರದ ಅಂಕೆಯಲ್ಲಿ ಉಳಿಯಿತು.

ಇದೇ ಕಾಲದಲ್ಲಿ ನೆರೆಯಲ್ಲಿ ಒಂದು ಅಪರೂಪದ ಪ್ರಯೋಗ ನಡೆಯಿತು. ಔಂಧ ಸಂಸ್ಥಾನದ ರಾಜಧಾನಿ ಸಾತಾರಾ ಕಡೆ ಇದ್ದರೂ ಅದರ ಗುಣದಾಳ ಭಾಗ ಕನ್ನಡ ನಾಡಿನಲ್ಲಿ, ಇಂದಿನ ವಿಜಯಪುರ ಜಿಲ್ಲೆಯಲ್ಲಿತ್ತು. ಗಾಂಧೀಜಿಯವರ ಸಲಹೆ ಮತ್ತು ಮಾರಿಸ್ ಫ್ರೀಡ್‌ಮನ್ ಅವರ ನೆರವಿನಿಂದ 1939ರ ಜನವರಿಯಲ್ಲಿ ಔಂಧದ ರಾಜರು ಪ್ರಜೆಗಳಿಗೆ ಸ್ವರಾಜ್ಯದ ಸಂವಿಧಾನ ಕೊಟ್ಟರು. ಗ್ರಾಮಸ್ಥರು ಪಂಚಾಯ್ತಿಯನ್ನು ಆರಿಸುವುದು, ಪಂಚಾಯ್ತಿಗಳ ಅಧ್ಯಕ್ಷರು ಕೂಡಿ ತಾಲ್ಲೂಕು ಸಮಿತಿ ಆಗುವುದು, ಅಲ್ಲಿಂದ ಸಂಸ್ಥಾನದ ಸಭೆಗೆ ಪ್ರತಿನಿಧಿಗಳು ಹೋಗುವುದು ಅದರ ರಚನೆ. ಕೆಳಹಂತದಲ್ಲಿ ನೇರ ಮತ, ಮೇಲಿನ ಹಂತಗಳಲ್ಲಿ ಪರೋಕ್ಷ ಆಯ್ಕೆ ಎಂಬ ಸೂತ್ರವನ್ನು ಕೃಷ್ಣೆಯ ಬಯಲಿನ ಹಳ್ಳಿಗಳು ಸಂವಿಧಾನ ಸಭೆ ಸೇರುವ ಮೊದಲೇ ಕಂಡಿದ್ದವು.

ಜಮಖಂಡಿಯ ಪುರಸಭೆಯಿಂದ ಮುಖ್ಯಮಂತ್ರಿ ಪೀಠಕ್ಕೆ

ಈ ಸೀಮೆಯ ಸ್ಥಳೀಯ ಆಡಳಿತದ ಚರಿತ್ರೆ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆ, ಮಂತ್ರಿ ಪದವಿ. 1948ರ ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡವು. 1956ರ ಪುನರ್ವಿಂಗಡಣೆಯಿಂದ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. 1958ರ ಮೇ ತಿಂಗಳಲ್ಲಿ ಜತ್ತಿಯವರು ಆ ರಾಜ್ಯದ ಮುಖ್ಯಮಂತ್ರಿಯಾದರು.

ಅವರ ಕಾಲದಲ್ಲೇ 1959ರ ಮೈಸೂರು ಗ್ರಾಮ ಪಂಚಾಯ್ತಿಗಳು ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ರೂಪುಗೊಂಡಿತು. ಹಳೆ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗುಗಳಿಂದ ಬಂದ ಬೇರೆ ಬೇರೆ ವ್ಯವಸ್ಥೆಗಳ ಜಾಗದಲ್ಲಿ ಒಂದೇ ಚೌಕಟ್ಟು ನಿಂತಿತು. ಗ್ರಾಮ ಪಂಚಾಯ್ತಿಯ ಅಧ್ಯಕ್ಷನನ್ನು ಸದಸ್ಯರು ಆರಿಸಬೇಕು, ತಾಲ್ಲೂಕು ಮಂಡಳಿಯ ಅಧ್ಯಕ್ಷನನ್ನು ಅದರ ಸದಸ್ಯರು ಆರಿಸಬೇಕು, ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಮಾತ್ರ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಪುರಸಭೆಯ ಮೆಟ್ಟಿಲು ಹತ್ತಿ ಮೇಲೆ ಬಂದ ನಾಯಕನ ಸರಕಾರವೂ ಜಿಲ್ಲೆಯ ಚುಕ್ಕಾಣಿಯನ್ನು ಅಧಿಕಾರಿಯ ಕೈಯಲ್ಲೇ ಇಟ್ಟಿತು. ಆ ಕಾಯಿದೆಯ ದೊಡ್ಡ ಮಿತಿ ಇದು. ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯಿದೆ ಬಂತು. ಅಲ್ಲಿಯೂ ಅಧ್ಯಕ್ಷರನ್ನು ಸದಸ್ಯರೇ ಆರಿಸುವ ಪದ್ಧತಿ ನೆಲೆಯೂರಿತು.

ಮಂಡಲ ಪ್ರಧಾನರ ಕಾಲ

ಎರಡನೆಯ ತಿರುವು ಬಂದದ್ದು ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ, ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳುತನದಲ್ಲಿ. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಸೂಚಿಸಿದ ಮಾದರಿಯ ಮೇಲೆ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಕಾಯಿದೆ ರಚನೆಯಾಯಿತು. 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ಜಿಲ್ಲೆಯ ಅಧಿಕಾರಿಗಳು ಚುನಾಯಿತರಿಗೆ ಉತ್ತರ ಕೊಡಬೇಕಾಯಿತು.

ಮಂಡಲ ಪ್ರಧಾನರನ್ನು ನೇರವಾಗಿ ಜನರೇ ಆರಿಸಬಹುದು, ಇಲ್ಲವೇ ಸದಸ್ಯರು ಆರಿಸಬಹುದು ಎಂದು ಮೆಹ್ತಾ ಸಮಿತಿ ಎರಡೂ ದಾರಿಗಳನ್ನು ತೆರೆದಿಟ್ಟಿತ್ತು. ಕರ್ನಾಟಕ ಸದಸ್ಯರ ದಾರಿಯನ್ನೇ ಹಿಡಿಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಜನಪ್ರತಿನಿಧಿಗಳಿಗೆ ಇದ್ದ ಅವಧಿಯ ಮಿತಿ ಆಡಳಿತಾಧಿಕಾರಿಗಳಿಗೆ ಇರಲಿಲ್ಲ.

ಸಂವಿಧಾನ ತೆರೆದಿಟ್ಟ ಬಾಗಿಲು

ಇಂಥ ಅನುಭವಗಳ ಹಿನ್ನೆಲೆಯಲ್ಲೇ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಸಂಸ್ಥೆಗಳಿಗೆ ಐದು ವರ್ಷದ ಅವಧಿ, ರಾಜ್ಯ ಚುನಾವಣಾ ಆಯೋಗ, ಅಧ್ಯಕ್ಷ ಸ್ಥಾನಗಳಿಗೂ ಮೀಸಲಾತಿ ಸಂವಿಧಾನದಲ್ಲೇ ಸೇರಿದವು. ಆಯ್ಕೆಯ ವಿಧಾನದ ಬಗ್ಗೆ 243ಸಿ ವಿಧಿ ಹೇಳುವುದನ್ನು ಗಮನಿಸಬೇಕು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿ ಅಧ್ಯಕ್ಷರನ್ನು ಚುನಾಯಿತ ಸದಸ್ಯರು ತಮ್ಮೊಳಗಿನಿಂದಲೇ ಆರಿಸಬೇಕು. ಇಲ್ಲಿ ರಾಜ್ಯಕ್ಕೆ ಆಯ್ಕೆಯಿಲ್ಲ. ಗ್ರಾಮ ಪಂಚಾಯ್ತಿ ಅಧ್ಯಕ್ಷರ ವಿಷಯವನ್ನು ರಾಜ್ಯದ ಶಾಸಕಾಂಗಕ್ಕೆ ಬಿಡಲಾಗಿದೆ. ನಗರಸಭೆ, ಪುರಸಭೆಗಳಿಗೂ 243ಆರ್ ವಿಧಿ ಅದೇ ಸ್ವಾತಂತ್ರ್ಯ ಕೊಡುತ್ತದೆ. ಎಂದರೆ ಜಮಖಂಡಿ ನಗರಸಭೆಯ ಅಧ್ಯಕ್ಷರನ್ನೋ ಸಮೀರವಾಡಿಯ ಸುತ್ತಲಿನ ಯಾವುದೇ ಗ್ರಾಮ ಪಂಚಾಯ್ತಿಯ ಅಧ್ಯಕ್ಷರನ್ನೋ ಜನರೇ ನೇರವಾಗಿ ಆರಿಸುವಂತೆ ಮಾಡಲು ಸಂವಿಧಾನದ ಅಡ್ಡಿ ಇಲ್ಲ. ಬೇಕಾದದ್ದು ವಿಧಾನಮಂಡಲದ ಒಂದು ತಿದ್ದುಪಡಿ.

ನೆರೆಯ ಮಹಾರಾಷ್ಟ್ರ ಆ ಬಾಗಿಲು ತೆರೆದಿದೆ. 2017ರಲ್ಲಿ ಸರಪಂಚರ ನೇರ ಚುನಾವಣೆ ಬಂತು, 2020ರಲ್ಲಿ ಸರಕಾರ ಬದಲಾದ ಮೇಲೆ ರದ್ದಾಯಿತು, 2022ರಲ್ಲಿ ಮತ್ತೆ ಬಂತು. ಜತ್ತ, ಮಿರಜ ಕಡೆ ಬೀಗತನವಿರುವ ಜಮಖಂಡಿಯ ಮನೆಗಳಲ್ಲಿ ಒಂದೇ ಮನೆತನದ ಹೆಣ್ಣುಮಕ್ಕಳು ಎರಡು ಬಗೆಯಲ್ಲಿ ಮತ ಹಾಕುತ್ತಾರೆ: ಗಡಿಯಾಚೆಯವಳು ಸರಪಂಚನಿಗೂ ಒಂದು ಮತ ಕೊಡುತ್ತಾಳೆ, ಈಚೆಯವಳು ಸದಸ್ಯನಿಗೆ ಮಾತ್ರ ಕೊಟ್ಟು ಮನೆಗೆ ಬರುತ್ತಾಳೆ.

ಮೂವತ್ತು ತಿಂಗಳು, ಐದು ವರ್ಷ, ಮತ್ತೆ ಮೂವತ್ತು

ಅವಧಿಯ ಕಥೆ ಇನ್ನಷ್ಟು ಅಸ್ಥಿರ. ಒಬ್ಬ ವ್ಯಕ್ತಿ ಇಷ್ಟೇ ಸಲ ಅಧ್ಯಕ್ಷನಾಗಬಹುದು ಎಂಬ ಮಿತಿ ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಇಲ್ಲ. ಅದರ ಕೆಲಸವನ್ನು ಬೇರೆ ಎರಡು ನಿಯಮಗಳು ಮಾಡುತ್ತವೆ: ಸಂಸ್ಥೆಯ ಐದು ವರ್ಷವನ್ನು ಒಡೆದು ಅಧ್ಯಕ್ಷರ ಅವಧಿ ಮಾಡುವುದು ಮತ್ತು ಮೀಸಲಾತಿಯನ್ನು ಸರದಿಯ ಮೇಲೆ ತಿರುಗಿಸುವುದು. ಗ್ರಾಮ ಪಂಚಾಯ್ತಿಯಲ್ಲಿ 30 ತಿಂಗಳಿದ್ದ ಅಧ್ಯಕ್ಷಾವಧಿ 2015ರ ತಿದ್ದುಪಡಿಯಿಂದ ಐದು ವರ್ಷವಾಯಿತು. ರಮೇಶ್ ಕುಮಾರ್ ಸಮಿತಿಯ ಶಿಫಾರಸುಗಳಿಂದ ಬಂದ ಆ ಸುಧಾರಣೆ ಒಂದು ಸುತ್ತು ಮುಗಿಸುವ ಹೊತ್ತಿಗೆ, 2020ರಲ್ಲಿ, ವಿಧಾನಮಂಡಲ ಮತ್ತೆ 30 ತಿಂಗಳಿಗೆ ಇಳಿಸಿತು. ಮಹಾನಗರ ಪಾಲಿಕೆಗಳ ಮೇಯರ್‌ಗೆ 1976ರ ಕಾಯಿದೆ ಕೊಟ್ಟದ್ದು ಒಂದೇ ವರ್ಷ. ಬೆಂಗಳೂರಿಗೆ ನೇರ ಆಯ್ಕೆಯ, ಐದು ವರ್ಷದ ಮೇಯರ್ ಬೇಕೆಂದು ಕಸ್ತೂರಿರಂಗನ್ ಸಮಿತಿ 2008ರಲ್ಲೇ ಹೇಳಿತ್ತು. 2020ರ ಬಿಬಿಎಂಪಿ ಕಾಯಿದೆ 30 ತಿಂಗಳಿಗೆ ನಿಂತಿತು.

ಸಣ್ಣ ಅವಧಿಯ ಪರಿಣಾಮ ಊರಲ್ಲಿ ಕಾಣುತ್ತದೆ. ಹೊಸದಾಗಿ ಬಂದ ಅಧ್ಯಕ್ಷೆ ಕ್ರಿಯಾಯೋಜನೆ, ಟೆಂಡರು, ಹಣಕಾಸು ಆಯೋಗದ ಅನುದಾನದ ಲೆಕ್ಕ ಕಲಿಯುವಷ್ಟರಲ್ಲಿ ಮೊದಲ ವರ್ಷ ಕಳೆದಿರುತ್ತದೆ. ಅದರ ಮೇಲೆ ಸದಸ್ಯರ ಒಳಒಪ್ಪಂದ: ಮೊದಲು ಇವರು, ಆಮೇಲೆ ಅವರು. ಹೇಳಿದ ದಿನ ರಾಜೀನಾಮೆ ಬರದಿದ್ದರೆ ಅವಿಶ್ವಾಸ ನಿರ್ಣಯ. ಉಳಿಯುವುದು ಅಧಿಕಾರಿ ಮತ್ತು ಗುತ್ತಿಗೆದಾರ, ಹೋಗುವುದು ಚುನಾಯಿತರು.

ಸರದಿ ಮೀಸಲಾತಿಯ ಪಾತ್ರವನ್ನು ಹೀಗೆ ಹಗುರವಾಗಿ ನೋಡಲಾಗದು. ಪಾಟೀಲಕಿಯ ನೆಲದಲ್ಲಿ ದಲಿತ ಮಹಿಳೆ, ನೇಕಾರ ಕುಟುಂಬದ ಹೆಣ್ಣುಮಗಳು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತದ್ದು ಈ ಸರದಿಯಿಂದಲೇ. ಅಧ್ಯಕ್ಷ ಸ್ಥಾನಗಳ ಮೀಸಲಾತಿಯನ್ನು ಸುಪ್ರೀಂ ಕೋರ್ಟು 2010ರ ಕೃಷ್ಣಮೂರ್ತಿ ಪ್ರಕರಣದಲ್ಲಿ ಎತ್ತಿಹಿಡಿದದ್ದು ಸರಿಯಾದ ತೀರ್ಪು. ಆದರೆ ಐದು ವರ್ಷಕ್ಕೊಮ್ಮೆ ಕ್ಷೇತ್ರ ಬದಲಾದರೆ ಕೆಲಸ ಕಲಿತವಳಿಗೆ ಎರಡನೆಯ ಅವಕಾಶ ಸಿಗುವುದು ಕಷ್ಟ. ಮನೆತನದ ಹಿಡಿತ ತಪ್ಪಿಸಲು ಬಂದ ಸರದಿ, ಅನುಭವಿಯಾದ ಹೊಸಬಳನ್ನೂ ಹೊರಗೆ ಕಳಿಸುತ್ತಿದೆ.

ಕೈ ಎತ್ತುವ ಚುನಾವಣೆ

ಪರೋಕ್ಷ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಒಂದು ನಿದರ್ಶನವಿದೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಗೆದ್ದ ಸದಸ್ಯರು ಎರಡು ವರ್ಷ ಅಧ್ಯಕ್ಷರಿಲ್ಲದೆ ಕಾದರು. 2020ರ ನವೆಂಬರ್‌ನಲ್ಲಿ ಮಹಾಲಿಂಗಪುರ ಪುರಸಭೆಯಲ್ಲಿ ಆ ಚುನಾವಣೆ ನಡೆದ ದಿನ ಸದಸ್ಯೆಯೊಬ್ಬರನ್ನು ಕಚೇರಿಯ ಮೆಟ್ಟಿಲ ಮೇಲೆ ತಡೆದು, ಎಳೆದಾಡಿ, ತಳ್ಳಿದ ದೃಶ್ಯವನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು.

ಆ ದೃಶ್ಯದ ಹಿಂದಿನ ಕಾರಣ ಸರಳ. ಪುರಸಭೆಯ ಅಧ್ಯಕ್ಷರ ಆಯ್ಕೆ ಸಭೆಯಲ್ಲಿ ಕೈ ಎತ್ತಿ ನಡೆಯುತ್ತದೆ. ಸದಸ್ಯರ ಜೊತೆ ಆ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಮತವಿದೆ. ಇಪ್ಪತ್ತು ಮೂವತ್ತು ಜನರ ಸಭೆಯಲ್ಲಿ ಒಂದೆರಡು ಕೈಗಳು ಪಟ್ಟಣದ ಹಣೆಬರಹ ತೀರ್ಮಾನಿಸುತ್ತವೆ. ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ಯುವುದು, ಮೊಬೈಲು ಕಸಿದಿಡುವುದು, ಸಭೆಯ ಹೊತ್ತಿಗೆ ಗಾಡಿಯಲ್ಲಿ ತಂದು ಇಳಿಸುವುದು ಈ ಲೆಕ್ಕದಿಂದಲೇ. ಪಕ್ಷಾಂತರ ತಡೆಯಲು 1987ರಲ್ಲೇ ಕಾಯಿದೆ ಬಂದಿದ್ದರೂ ಸದಸ್ಯರ ಮೇಲಿನ ಒತ್ತಡ ತಗ್ಗಿಲ್ಲ. ಸಾವಿರಾರು ಮತದಾರರನ್ನು ಹೀಗೆ ಹಿಡಿದಿಡಲಾಗದು. ನೇರ ಚುನಾವಣೆಯ ಪರ ಇರುವ ಬಲವಾದ ವಾದ ಇದು.

ಎದುರು ವಾದವೂ ಗಟ್ಟಿಯಾಗಿದೆ. ನೇರವಾಗಿ ಗೆದ್ದ ಅಧ್ಯಕ್ಷ ಒಂದು ಪಕ್ಷ, ಸಭೆಯ ಬಹುಮತ ಇನ್ನೊಂದು ಪಕ್ಷ ಆದರೆ ಬಜೆಟ್ಟೇ ನಿಲ್ಲಬಹುದು. ಇಡೀ ಪಟ್ಟಣ ಸುತ್ತಿ ಪ್ರಚಾರ ಮಾಡಲು ಬೇಕಾದ ಹಣ ಬಡ ಅಭ್ಯರ್ಥಿಯನ್ನು ಹೊರಗಿಡಬಹುದು.

ಜನರನ್ನೇ ಕೇಳಿದ ಊರುಗಳು

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಮತದಾರರ ಮುಂದೆಯೇ ಇಟ್ಟದ್ದುಂಟು. ಇಂಗ್ಲೆಂಡಿನ ಹತ್ತು ನಗರಗಳಲ್ಲಿ 2012ರ ಮೇ 3ರಂದು ನೇರ ಆಯ್ಕೆಯ ಮೇಯರ್ ಬೇಕೇ ಎಂದು ಜನಮತ ಕೇಳಲಾಯಿತು. ಒಂಬತ್ತು ಬೇಡವೆಂದವು, ಬ್ರಿಸ್ಟಲ್ ಮಾತ್ರ ಒಪ್ಪಿತು. ಹತ್ತು ವರ್ಷ ನೋಡಿದ ಬ್ರಿಸ್ಟಲ್ ಜನ 2022ರಲ್ಲಿ ಮತ್ತೆ ಮತ ಹಾಕಿ ಆ ಹುದ್ದೆಯನ್ನು ಕೈಬಿಟ್ಟರು. ನ್ಯೂಯಾರ್ಕಿನ ಮತದಾರರು 1993ರಲ್ಲಿ ಮೇಯರ್‌ಗೂ ನಗರ ಸಭಿಕರಿಗೂ ಎರಡು ಅವಧಿಯ ಮಿತಿ ಹಾಕಿದರು. 2008ರಲ್ಲಿ ಸಭಿಕರು ಜನರನ್ನು ಕೇಳದೆ ಅದನ್ನು ಮೂರಕ್ಕೆ ಏರಿಸಿಕೊಂಡರು. 2010ರಲ್ಲಿ ಮತದಾರರು ಮತ್ತೆ ಎರಡಕ್ಕೆ ಇಳಿಸಿದರು. ಲಾಭ ಪಡೆಯುವವರ ಕೈಗೇ ನಿಯಮ ಕೊಟ್ಟರೆ ಏನಾಗುತ್ತದೆ, ಜನ ಅದನ್ನು ಹೇಗೆ ತಿದ್ದುತ್ತಾರೆ ಎಂಬುದನ್ನು ನ್ಯೂಯಾರ್ಕು ತೋರಿಸಿದೆ.

ಭಾರತದಲ್ಲೂ ಕಾಲಮಿತಿ ಅಪರಿಚಿತವಲ್ಲ. ಸಹಕಾರಿ ಬ್ಯಾಂಕಿನ ನಿರ್ದೇಶಕರು ಸತತವಾಗಿ ಎಂಟು ವರ್ಷಕ್ಕಿಂತ ಹೆಚ್ಚು ಇರಕೂಡದೆಂಬ ನಿಯಮವಿತ್ತು. 2025ರ ತಿದ್ದುಪಡಿ ಅದನ್ನು ಹತ್ತು ವರ್ಷ ಮಾಡಿತು. ಸಹಕಾರಿ ಬ್ಯಾಂಕಿಗೆ ಇರುವ ಈ ಮಿತಿ ಊರಿನ ಆಡಳಿತಕ್ಕೂ ಅಸಾಧ್ಯವಾಗಬೇಕಿಲ್ಲ.

ಉಪಸಂಹಾರ

ವತನದ ಕಾಲದಿಂದ ಇಂದಿನವರೆಗೆ ಈ ಸೀಮೆಯಲ್ಲಿ ಅಧ್ಯಕ್ಷರ ಆಯ್ಕೆ ಮತ್ತು ಅವಧಿಯ ನಿಯಮಗಳು ಅರಮನೆ, ಮುಂಬಯಿ, ಬೆಂಗಳೂರುಗಳಲ್ಲಿ ಬರೆಯಲ್ಪಟ್ಟವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ನಂತರ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಮೊದಲ ಕೆಲಸ ಕಾಲಕಾಲಕ್ಕೆ ಚುನಾವಣೆ ನಡೆಸುವುದು. ಎರಡನೆಯದು, ಅಧ್ಯಕ್ಷರ ಅವಧಿಯನ್ನು ಸಂಸ್ಥೆಯ ಐದು ವರ್ಷಕ್ಕೆ ಸಮನಾಗಿಸಿ, ಮೀಸಲಾತಿಯ ಸರದಿಯನ್ನು ಎರಡು ಅವಧಿಗೊಮ್ಮೆ ತಿರುಗಿಸುವುದು; ಹಾಗೆ ಮಾಡಿದರೆ ಒಬ್ಬರೇ ಕುರ್ಚಿ ಹಿಡಿಯದಂತೆ ಸತತ ಎರಡು ಅವಧಿಯ ಮಿತಿಯನ್ನೂ ಜೊತೆಗೆ ಹಾಕಬೇಕು. ಮೂರನೆಯದು, ನೇರ ಆಯ್ಕೆ ಬೇಕೋ ಬೇಡವೋ ಎಂಬುದನ್ನು ಮುಂದಿನ ತಿದ್ದುಪಡಿಗೆ ಮೊದಲು ಗ್ರಾಮಸಭೆಗಳ ಮುಂದಿಟ್ಟು ನಿರ್ಣಯ ಪಡೆಯುವುದು. ಗ್ರಾಮಸಭೆಯ ನಿರ್ಣಯ ಶಾಸಕರನ್ನು ಕಟ್ಟಿಹಾಕುವುದಿಲ್ಲ, ಆದರೆ ಜನ ಏನು ಬಯಸಿದರು ಎಂಬುದಕ್ಕೆ ಲಿಖಿತ ಸಾಕ್ಷಿಯಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಳ್ಳಿಯ ಓದುಗರು ತಮ್ಮ ಊರಿನ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸುವಂತೆ ಕೇಳಬೇಕು. ಹಾಗೆ ಕೇಳುವ ಹಕ್ಕು ಪ್ರತಿ ಮತದಾರನಿಗೂ ಇದೆ.